ಹಳೇ ಅಮೆರಿಕನ್ ರೈತರ ಮನೆತನದ ಕಥೆ ಹುಡುಕೋದು ಹೆಂಗೆ? ಹೆಸರು ಆಮೇಲೆ, ಮೊದಲು ಕೌಂಟಿ

ನಮ್ಮ ಮೊಮ್ಮಗಳ ಸ್ಕೂಲಲ್ಲಿ ಫ್ಯಾಮಿಲಿ ಟ್ರೀ ಮಾಡ್ಕೊಂಡು ಬನ್ನಿ ಅಂತ ಹೇಳಿದ್ರು. ನಮ್ಮ ಕಡೇದು ನಾನೇ ಕೂತ್ಕೊಂಡು ಬಾಯಲ್ಲಿ ಹೇಳಿ ಬರೆಸಿದೆ, ಐದು ತಲೆಮಾರು ಸಲೀಸಾಗಿ ಬಂತು. ಆದ್ರೆ ಅವಳ ಅಪ್ಪನ ಕಡೆಯವರು ಅಯೋವಾದ ರೈತರು, ಅಲ್ಲಿ ಮುತ್ತಜ್ಜನ ಹೆಸರು ಆದ್ಮೇಲೆ ಪೂರಾ ಖಾಲಿ, ನಮ್ಮ ಅಳಿಯನಿಗೂ ಗೊತ್ತಿಲ್ಲ, ಅವರಮ್ಮನಿಗೂ "ಓಹಾಯೋ ಕಡೆಯಿಂದ ಬಂದ್ರಂತೆ" ಅನ್ನೋದು ಬಿಟ್ರೆ ಬೇರೇನೂ ಗೊತ್ತಿಲ್ಲ. ಆ ಮಗು ಆ ಖಾಲಿ ಜಾಗ ನೋಡ್ಕೊಂಡು ಕೂತಿದ್ದು ನಂಗೆ ಸಹಿಸೋಕಾಗ್ಲಿಲ್ಲ, ಅವತ್ತು ಶುರು ಮಾಡಿದ್ದು, ಮೂರು ಚಳಿಗಾಲ ಅದ್ರಲ್ಲೇ ಕಳೀತು. ಈಗ ಇಲ್ಲಿ ಅಮೆರಿಕಾದಲ್ಲಿ ತುಂಬ ಕನ್ನಡದವರ ಮನೇಲಿ ಅಳಿಯನೋ ಸೊಸೆಯೋ ಇಲ್ಲಿನವರೇ ಇದ್ದಾರೆ, ಆ ಮಕ್ಕಳಿಗೆ ಅರ್ಧ ವಂಶ ಈ ನೆಲದ್ದೇ, ಅದಕ್ಕೇ ನಾನು ಕಲ್ತಿದ್ದನ್ನ ಒಂದು ಕಡೆ ಬರೆದಿಡ್ತಾ ಇದೀನಿ. 1800ರಿಂದ 1900ರ ಒಳಗಿನ ಹಳ್ಳಿಗಾಡಿನ ಕುಟುಂಬ ಅಂತ ಇಟ್ಕೊಂಡು ಓದಿ, ಸಿಟಿಯವರದ್ದು ಬೇರೆ ಲೆಕ್ಕ.

ಎಲ್ಲರೂ ಮೊದಲು ಮಾಡೋ ತಪ್ಪು ಏನಂದ್ರೆ ವೆಬ್‌ಸೈಟ್ ಓಪನ್ ಮಾಡಿ ಹೆಸರು ಟೈಪ್ ಮಾಡೋದು. ವಿಲಿಯಂ, ಜಾನ್, ಮೇರಿ, ಸಾರಾ, ಎಲಿಜಬೆತ್, ಆ ಕಾಲದಲ್ಲಿ ಇವೇ ಹೆಸರು ಸುತ್ತಿ ಸುತ್ತಿ ಇಟ್ಕೊಂಡಿದ್ದಾರೆ, ತಾತನ ಹೆಸರು ಮೊಮ್ಮಗನಿಗೆ, ದೊಡ್ಡಪ್ಪನ ಹೆಸರು ಇನ್ನೊಬ್ಬನಿಗೆ, ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ ಸಿಕ್ತಾರೆ. ಕಾಗದದಲ್ಲಿ ಸೀನಿಯರ್ ಜೂನಿಯರ್ ಅಂತ ಇದ್ರೆ ಅಪ್ಪ ಮಗ ಅಂತ ತಕ್ಷಣ ನಂಬಬೇಡಿ, ಅವಾಗ ಅದೇ ಊರಿನ ದೊಡ್ಡವನು ಚಿಕ್ಕವನು ಅನ್ನೋದಕ್ಕೂ ಹಂಗೇ ಬರೀತಿದ್ರು, ಚಿಕ್ಕಪ್ಪನೋ ಸಂಬಂಧವೇ ಇಲ್ಲದವನೋ ಇರಬಹುದು. ಹಾಗಾಗಿ ಹೆಸರು ಹಿಡಿದು ಹೋದ್ರೆ ಬೇರೆ ಯಾರದೋ ತಾತನ್ನ ತಂದು ನಿಮ್ಮ ಮನೆ ಗೋಡೆಗೆ ನೇತು ಹಾಕ್ತೀರಿ.

ಹಿಡೀಬೇಕಾಗಿದ್ದು ಜಾಗ. ಇಲ್ಲಿ ರಾಜ್ಯದ ಒಳಗೆ ಕೌಂಟಿ ಅಂತ ಇರುತ್ತಲ್ಲ, ಒಬ್ಬ ರೈತನ ಬದುಕಿನ ಮುಕ್ಕಾಲು ಕಾಗದ ಅಲ್ಲೇ ಹುಟ್ಟೋದು ಅಲ್ಲೇ ಉಳಿಯೋದು, ಮದುವೆ ಬಾಂಡ್ (ಮದುವೆಗೆ ಮುಂಚೆ ಜಾಮೀನು ಇಟ್ಟು ಬರೆದುಕೊಡೋ ಪತ್ರ), ಜಮೀನಿನ ಕ್ರಯಪತ್ರ, ತೆರಿಗೆ ಪಟ್ಟಿ, ವಿಲ್, ಸತ್ತಮೇಲೆ ಆಸ್ತಿ ಪಟ್ಟಿ, ಅನಾಥ ಮಕ್ಕಳ ಗಾರ್ಡಿಯನ್ ಕಾಗದ, ಪಕ್ಕದವನ ಹಂದಿ ಬೇಲಿ ಮುರಿದಿದ್ದಕ್ಕೆ ಹಾಕಿದ ಕೇಸು, ಎಲ್ಲಾ ಕೌಂಟಿ ಕೋರ್ಟ್‌ಹೌಸಲ್ಲಿ. ವಾಷಿಂಗ್ಟನ್‌ನಲ್ಲಿರೋದು ಜನಗಣತಿ, ಸರ್ಕಾರ ಕೊಟ್ಟ ಜಮೀನಿನ ಫೈಲು, ಸೈನ್ಯದ ಪೆನ್ಷನ್ ಫೈಲು, ಇವು ಮುಖ್ಯವಾಗಿ. ಆದ್ರಿಂದ ಪ್ರತಿ ತಲೆಮಾರಿಗೂ ಕೇಳಬೇಕಾದ ಪ್ರಶ್ನೆ ಒಂದೇ, ಈ ವರ್ಷ ಈ ಮನೆ ಯಾವ ಕೌಂಟೀಲಿತ್ತು?

ಇದಕ್ಕೆ ನಾನು ಎಲ್ಲರಿಗೂ ಕೊಡೋ ಉದಾಹರಣೆ ಅಬ್ರಹಾಂ ಲಿಂಕನ್ ಮನೆ. ಪ್ರೆಸಿಡೆಂಟ್ ಆಗಿದ್ದು ಆಮೇಲಿನ ಮಾತು, ಮನೆ ಮಾತ್ರ ಪಕ್ಕಾ ಬಡ ರೈತರ ಮನೆ, ಮತ್ತೆ ನಮ್ಮಂಥವರು ಹುಡುಕೋವಾಗ ಬೀಳೋ ಎಲ್ಲ ಗುಂಡಿಗಳೂ ಆ ಒಂದೇ ಕುಟುಂಬದಲ್ಲಿವೆ. ಅಪ್ಪ ಥಾಮಸ್ ಲಿಂಕನ್, ಅಮ್ಮ ನ್ಯಾನ್ಸಿ ಹ್ಯಾಂಕ್ಸ್, ಕೆಂಟಕಿಯ ಹಾರ್ಡಿನ್ ಕೌಂಟೀಲಿ ಸಂಸಾರ ಮಾಡಿದವರು. ಹಾರ್ಡಿನ್ ಕೌಂಟಿ ಪುಸ್ತಕದಲ್ಲಿ ಹುಡುಕಿದ್ರೆ ಅವರ ಮದುವೆ ಕಾಗದ ಇಲ್ಲ, ಅದರ ಮೇಲೆ ಏನೇನೋ ಕೆಟ್ಟ ಮಾತು ಎದ್ದವು, ಮದುವೇನೇ ಆಗಿರಲಿಲ್ಲ ಅನ್ನೋವರೆಗೂ. ಆಮೇಲೆ ನೋಡಿದ್ರೆ ಅದು ಕೆಂಟಕಿಯದೇ ವಾಷಿಂಗ್ಟನ್ ಕೌಂಟೀಲಿ ಭದ್ರವಾಗಿತ್ತು, 1806ರ ಜೂನ್ 10ರ ಬಾಂಡ್, ಜೂನ್ 12ಕ್ಕೆ ಜೆಸ್ಸಿ ಹೆಡ್ ಅನ್ನೋ ಮೆಥಡಿಸ್ಟ್ ಪಾದ್ರಿ ಮದುವೆ ಮಾಡಿಸಿದ ಲೆಕ್ಕ. ಸಿಕ್ಕಿದ್ದು ಲಿಂಕನ್ ತೀರಿಕೊಂಡ ಮೇಲೆ, ಆ ಮನುಷ್ಯ ಬದುಕಿದ್ದಾಗ ತನ್ನ ಅಪ್ಪ ಅಮ್ಮನ ಮದುವೆ ಕಾಗದ ನೋಡಲೇ ಇಲ್ಲ. ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೇಲಿ ಏನೋ ಆಗುತ್ತೆ. ಮದುವೆ ಸಾಮಾನ್ಯವಾಗಿ ಹುಡುಗಿ ಇದ್ದ ಕಡೆ ಆಗ್ತಿತ್ತು, ನಮ್ಮಲ್ಲೂ ಹಂಗೇ ಅಲ್ವಾ, ಹಾಗಾಗಿ ಗಂಡನ ಕೌಂಟೀಲಿ ಇಲ್ಲ ಅಂದ್ರೆ ಅಕ್ಕಪಕ್ಕದ ಕೌಂಟಿಗಳನ್ನ ನೋಡದೆ "ಇಲ್ಲ" ಅಂತ ಬರೀಬೇಡಿ.

ಇನ್ನೊಂದು ಗುಂಡಿ ಅಂದ್ರೆ ಕೌಂಟಿ ಗಡಿ. ಜನ ಕದಲದೇ ಇದ್ರೂ ಗಡಿ ಕದಲುತ್ತೆ. ಲಿಂಕನ್ 1809ರ ಫೆಬ್ರವರಿ 12ಕ್ಕೆ ಹುಟ್ಟಿದ್ದು ಹಾರ್ಡಿನ್ ಕೌಂಟೀಲಿ, ಆದ್ರೆ ಇವತ್ತು ಮ್ಯಾಪಲ್ಲಿ ನೋಡಿದ್ರೆ ಅದೇ ಜಾಗ ಲಾರೂ ಕೌಂಟಿ, ಯಾಕಂದ್ರೆ 1843ರಲ್ಲಿ ಲಾರೂ ಹೊಸದಾಗಿ ಒಡೆದು ಮಾಡಿದ್ದು. ಲಾರೂ ಆಫೀಸಲ್ಲಿ ಹೋಗಿ 1809ರ ಪುಸ್ತಕ ಕೊಡಿ ಅಂದ್ರೆ ಎಲ್ಲಿಂದ ಕೊಡ್ತಾರೆ? ಇಂಡಿಯಾನಾಕ್ಕೆ ಹೋದ್ಮೇಲೂ ಅದೇ ಕಥೆ, 1816ರ ಡಿಸೆಂಬರಲ್ಲಿ ಹೋಗಿ ಇಳಿದಾಗ ಅದು ಪೆರ್ರಿ ಕೌಂಟಿ, 1818ರಿಂದ ಅದು ಸ್ಪೆನ್ಸರ್ ಕೌಂಟಿ. ಇದಕ್ಕೊಂದು ಒಳ್ಳೇ ಸಾಧನ ಇದೆ, ಶಿಕಾಗೋದ ನ್ಯೂಬೆರಿ ಲೈಬ್ರರಿ ಮಾಡಿರೋ ಹಳೇ ಕೌಂಟಿ ಗಡಿಗಳ ಅಟ್ಲಾಸ್, ಫ್ರೀ, ತಾರೀಕು ಹಾಕಿದ್ರೆ ಆ ದಿನ ಗಡಿ ಎಲ್ಲಿತ್ತು ಅಂತ ತೋರಿಸುತ್ತೆ. ನಾನು ಇದನ್ನ ಮೊದಲೇ ನೋಡಿದ್ರೆ ಒಂದಿಡೀ ತಿಂಗಳು ಉಳೀತಿತ್ತು, ಒಂದು ಆಫೀಸಿಗೆ ಎರಡು ಸಲ ಪತ್ರ ಬರೆದು "ಅಂಥ ಕುಟುಂಬ ನಮ್ಮಲ್ಲಿಲ್ಲ" ಅಂತ ಉತ್ತರ ಬಂದು ಕೈ ಬಿಟ್ಟಿದ್ದೆ, ಕಾಗದ ಎಲ್ಲಾ ತಾಯಿ ಕೌಂಟೀಲಿ ಇತ್ತು.

ಸರಿ, ಶುರು ಎಲ್ಲಿಂದ. ಮನೇಲಿರೋ ಅತೀ ವಯಸ್ಸಾದವರಿಂದ, ಇವತ್ತೇ. ಫೋನ್ ರೆಕಾರ್ಡಿಂಗ್ ಆನ್ ಮಾಡಿ ಕೂತ್ಕೊಳ್ಳಿ, "ನಿಮ್ಮ ವಂಶದ ಬಗ್ಗೆ ಹೇಳಿ" ಅಂದ್ರೆ ಏನೂ ಬರಲ್ಲ, "ನಿಮ್ಮಜ್ಜಿ ಅಡುಗೆ ಮನೇಲಿ ಒಲೆ ಎಲ್ಲಿತ್ತು", "ಹಬ್ಬಕ್ಕೆ ಯಾರ ಮನೆಗೆ ಹೋಗ್ತಿದ್ರಿ", "ಯಾವ ಸ್ಮಶಾನಕ್ಕೆ ಹೂ ಇಡೋಕೆ ಕರ್ಕೊಂಡು ಹೋಗ್ತಿದ್ರು" ಅಂತ ಕೇಳಿ, ಸ್ಮಶಾನದ ಹೆಸರು ಸಿಕ್ಕಿದ್ರೆ ಕೌಂಟಿ ಸಿಕ್ಕಂಗೆ. ನಮ್ಮ ಬೀಗಿತ್ತಿ ಆ ಸ್ಮಶಾನದ ಪ್ರಶ್ನೆ ಕೇಳಿದ ಮೇಲೇ ಬಾಯಿ ಬಿಟ್ಟಿದ್ದು, ಒಂದು ಗಂಟೆ ನಿಲ್ಲಿಸಲಿಲ್ಲ. ಫೋಟೋ ಹಿಂದೆ ಬರೆದಿರೋದು, ಕ್ವಿಲ್ಟ್ (ನಮ್ಮ ಕೌದಿ ಥರ) ಮೂಲೇಲಿ ಹೊಲಿದ ಅಕ್ಷರ, ಹಳೇ ಕಾಗದದ ಕಟ್ಟು, ಎಲ್ಲಾ ಫೋಟೋ ತೆಕ್ಕೊಳ್ಳಿ.

ಮನೆ ಬೈಬಲ್ ಇದ್ರೆ ಅದು ನಿಧಿ. ಹುಟ್ಟು ಸಾವು ಮದುವೆ ಬರೆಯೋಕೇ ಮಧ್ಯದಲ್ಲಿ ಖಾಲಿ ಪುಟ ಇಟ್ಟಿರ್ತಿದ್ರು. ಲಿಂಕನ್ ಕೂಡ 1851ರಲ್ಲಿ ಅಪ್ಪ ಸತ್ತ ಮೇಲೆ ತನ್ನ ಕೈಯಾರೆ ಮನೆ ಬೈಬಲಲ್ಲಿ ಕುಟುಂಬದ ಲೆಕ್ಕ ಬರೆದಿದ್ದಾನೆ. ಆದ್ರೆ ಒಂದು ಪರೀಕ್ಷೆ ಮಾಡಿ, ಬೈಬಲ್ ಯಾವ ವರ್ಷ ಪ್ರಿಂಟ್ ಆಗಿದ್ದು ಅಂತ ಮೊದಲ ಪುಟದಲ್ಲಿ ನೋಡಿ, 1870ರಲ್ಲಿ ಪ್ರಿಂಟ್ ಆಗಿರೋ ಪುಸ್ತಕದಲ್ಲಿ 1832ರ ಹುಟ್ಟು ಬರೆದಿದ್ರೆ ಅದು ಆವಾಗಿಂದಾವಾಗ ಬರೆದಿದ್ದಲ್ಲ, ನೆನಪಿಂದ ಆಮೇಲೆ ಕೂತು ಬರೆದಿದ್ದು. ಎಲ್ಲಾ ಒಂದೇ ಶಾಯಿ ಒಂದೇ ಕೈಬರಹ ಆಗಿದ್ರೂ ಅಷ್ಟೇ. ಹಾಗಂತ ಸುಳ್ಳು ಅಂತಲ್ಲ, ಸ್ವಲ್ಪ ಹುಷಾರಾಗಿ ನಂಬಿ.

ಆಮೇಲೆ ಜನಗಣತಿ, ಇಲ್ಲಿಯವರು ಸೆನ್ಸಸ್ ಅಂತಾರೆ. 1790ರಿಂದ ಹತ್ತು ವರ್ಷಕ್ಕೊಂದು. 72 ವರ್ಷ ಆದ್ಮೇಲೆ ಜನಕ್ಕೆ ಓಪನ್ ಮಾಡ್ತಾರೆ, ಹಾಗಾಗಿ ಹತ್ತೊಂಬತ್ತನೇ ಶತಮಾನದ್ದು ಉಳಿದಿರೋದೆಲ್ಲ ಓಪನ್ನೇ. ಫ್ಯಾಮಿಲಿಸರ್ಚ್ ಅನ್ನೋ ಸೈಟಲ್ಲಿ ದುಡ್ಡಿಲ್ಲದೆ ನೋಡಬಹುದು, ಅಕೌಂಟ್ ಒಂದು ಮಾಡ್ಕೋಬೇಕು ಅಷ್ಟೇ, ಆನ್ಸೆಸ್ಟ್ರಿ ದುಡ್ಡಿಂದು, ಆದ್ರೆ ಸುಮಾರು ಪಬ್ಲಿಕ್ ಲೈಬ್ರರಿಗಳಲ್ಲಿ ಅಲ್ಲೇ ಕೂತು ಫ್ರೀಯಾಗಿ ನೋಡೋಕೆ ಬಿಡ್ತಾರೆ, ಮೊದಲು ಲೈಬ್ರರಿಗೆ ಹೋಗಿ. ಯಾವಾಗಲೂ ಹೊಸದರಿಂದ ಹಳೇದಕ್ಕೆ ಹೋಗಿ, 1900, 1880, 1870, 1860, 1850 ಹಂಗೆ ಮೆಟ್ಟಿಲು ಇಳಿದಂಗೆ, ಒಂದು ಮೆಟ್ಟಿಲು ಹಾರಿದ್ರೆ ಕಾಲು ಉಳುಕುತ್ತೆ.

ಪ್ರತಿ ಗಣತೀಲೂ ಕೇಳಿದ ಪ್ರಶ್ನೆ ಬೇರೆ ಬೇರೆ, ಇದನ್ನ ತಿಳ್ಕೊಂಡು ಹೋದ್ರೆ ಅರ್ಧ ಕೆಲಸ ಆಯ್ತು. 1900ರಲ್ಲಿ ಹುಟ್ಟಿದ ತಿಂಗಳು ವರ್ಷ, ಮದುವೆಯಾಗಿ ಎಷ್ಟು ವರ್ಷ, ಮತ್ತೆ ಹೆಂಗಸರನ್ನ ಎಷ್ಟು ಮಕ್ಕಳನ್ನ ಹೆತ್ತಿದೀರಿ, ಅದ್ರಲ್ಲಿ ಎಷ್ಟು ಬದುಕಿವೆ ಅಂತ ಕೇಳಿದ್ದಾರೆ. ನಮ್ಮ ಅಳಿಯನ ಮುತ್ತಜ್ಜಿಯ ಅಮ್ಮನ ಸಾಲಲ್ಲಿ ಹತ್ತು, ಆರು ಅಂತಿತ್ತು. ನಮ್ಮ ಹತ್ರ ಇದ್ದಿದ್ದು ಆರು ಹೆಸರು. ಆ ನಾಲ್ಕು ಮಕ್ಕಳಿಗೆ ಏನಾಯ್ತು ಅಂತ ಯಾರಿಗೂ ಗೊತ್ತಿರಲಿಲ್ಲ, ಮನೇಲಿ ಅಂಥ ಮಾತೇ ಇರಲಿಲ್ಲ, ಎರಡು ಅಂಕಿಯಿಂದ ನಾಲ್ಕು ಜೀವ ಎದ್ದು ಬಂತು. 1880ರಲ್ಲಿ ಮನೆ ಯಜಮಾನನಿಗೆ ಏನಾಗಬೇಕು ಅಂತ ಮೊದಲ ಸಲ ಬರೆದಿದ್ದಾರೆ, ಹೆಂಡತಿ, ಮಗ, ಅತ್ತೆ, ಕೂಲಿ ಆಳು ಅಂತ, ಮತ್ತೆ ಅಪ್ಪ ಅಮ್ಮ ಹುಟ್ಟಿದ ರಾಜ್ಯ ಯಾವುದು ಅಂತಾನೂ. ಅದಕ್ಕಿಂತ ಹಿಂದಿನ 1850, 1860, 1870ರಲ್ಲಿ ಹೆಸರು ವಯಸ್ಸು ಇದೆ, ಸಂಬಂಧ ಇಲ್ಲ, ಹಾಗಾಗಿ ಒಂದೇ ಮನೇಲಿದಾರೆ ಅಂದ ಮಾತ್ರಕ್ಕೆ ಹೆಂಡತಿ ಮಕ್ಕಳು ಅಂತ ಬರೆದುಬಿಡಬೇಡಿ, ತಂಗಿ ಇರಬಹುದು, ಎರಡನೇ ಹೆಂಡತಿ ಇರಬಹುದು, ತಮ್ಮನ ಅನಾಥ ಮಕ್ಕಳಿರಬಹುದು. ವಯಸ್ಸು ನೋಡಿ, ಹೆಂಡತಿಗೆ 27 ದೊಡ್ಡ ಮಗನಿಗೆ 15 ಅಂದ್ರೆ ಅವಳು ಹೆತ್ತಮ್ಮ ಇರಲಿಕ್ಕಿಲ್ಲ, ಮಲತಾಯಿ ಇರಬಹುದು.

1850ಕ್ಕಿಂತ ಹಿಂದೆ ಇನ್ನೂ ಕಷ್ಟ, ಯಜಮಾನನ ಹೆಸರು ಒಂದೇ, ಮಿಕ್ಕವರೆಲ್ಲ ಬರೀ ಎಣಿಕೆ, ಇಷ್ಟು ವಯಸ್ಸಿಂದ ಇಷ್ಟು ವಯಸ್ಸಿನ ಗಂಡಸರು ಇಷ್ಟು, ಹೆಂಗಸರು ಇಷ್ಟು ಅಂತ. ಮತ್ತೆ ಲಿಂಕನ್ ಮನೆಗೇ ಬರೋಣ. 1818ರ ಅಕ್ಟೋಬರ್ 5ಕ್ಕೆ ನ್ಯಾನ್ಸಿ ತೀರಿಕೊಂಡಳು, 1819ರ ಡಿಸೆಂಬರ್ 2ಕ್ಕೆ ಥಾಮಸ್ ಕೆಂಟಕಿಗೆ ವಾಪಸ್ ಹೋಗಿ ಸಾರಾ ಬುಷ್ ಜಾನ್‌ಸ್ಟನ್ ಅನ್ನೋ ವಿಧವೇನ ಮದುವೆಯಾಗಿ ಕರ್ಕೊಂಡು ಬಂದ, ಅವಳ ಜೊತೆ ಅವಳ ಮೂರು ಮಕ್ಕಳು ಬಂದ್ರು, ಈ ಕಡೆ ಥಾಮಸ್‌ನ ಮಕ್ಕಳು ಸಾರಾ (ಅದೇ ಹೆಸರಿನ ಮಗಳು) ಮತ್ತೆ ಅಬ್ರಹಾಂ ಇಬ್ಬರು, ಜೊತೆಗೆ ನ್ಯಾನ್ಸಿ ಕಡೆ ನೆಂಟ ಡೆನ್ನಿಸ್ ಹ್ಯಾಂಕ್ಸ್. ಒಂದು ಮರದ ದಿಮ್ಮಿ ಗುಡಿಸಲಲ್ಲಿ ಎಂಟು ಜನ, ಮೂರು ಮನೆತನದ ರಕ್ತ. ಈಗ 1820ರ ಗಣತಿ ಹಾಳೇಲಿ ಇಂಥ ಮನೆ ಹೆಂಗೆ ಕಾಣುತ್ತೆ ಯೋಚನೆ ಮಾಡಿ, ಥಾಮಸ್ ಲಿಂಕನ್ ಅಂತ ಒಂದು ಹೆಸರು, ಪಕ್ಕದಲ್ಲಿ ಅಂಕಿ. ಹಿಂದುಮುಂದು ಗೊತ್ತಿಲ್ಲದೆ ಇದನ್ನ ನೋಡಿದವರು ಗಂಡ ಹೆಂಡತಿ ಆರು ಮಕ್ಕಳು ಅಂತ ಸಲೀಸಾಗಿ ಬರ್ಕೊಂಡು ಹೋಗ್ತಾರೆ. ಹಾಗಾಗಿ ಈ ಅಂಕಿಗಳನ್ನ ಉತ್ತರ ಅಂದ್ಕೋಬೇಡಿ, ಬೇರೆ ಕಾಗದದಿಂದ ಹೆಸರು ಸಿಕ್ಕಿದ ಮೇಲೆ ಈ ಖಾನೆಗೆ ಕೂರುತ್ತಾ ಅಂತ ತಾಳೆ ನೋಡೋಕೆ ಇಟ್ಕೊಳ್ಳಿ.

ಗಣತಿ ಹಾಳೇಲಿ ನಿಮ್ಮವರ ಸಾಲು ಮಾತ್ರ ಕಾಪಿ ಮಾಡ್ಬೇಡಿ, ಹಿಂದಿನ ಪುಟ ಮುಂದಿನ ಪುಟ ಪೂರ್ತಿ ಬರ್ಕೊಳ್ಳಿ. ಗಣತಿಯವನು ಮನೆಯಿಂದ ಮನೆಗೆ ಹೋಗಿ ಬರೀತಿದ್ದ, ಅಂದ್ರೆ ಪಕ್ಕದ ಸಾಲು ಪಕ್ಕದ ಹೊಲ. ಅವರು ಒಂಟಿಯಾಗಿ ವಲಸೆ ಹೋಗಿದ್ದು ಕಮ್ಮಿ, ಅಣ್ಣತಮ್ಮಂದಿರು, ಬೀಗರು, ಒಂದೇ ಚರ್ಚಿನವರು ಗುಂಪಾಗಿ ಗಾಡಿ ಕಟ್ಕೊಂಡು ಹೋಗ್ತಿದ್ರು, ಓಹಾಯೋದಲ್ಲಿ ಪಕ್ಕದ ಮನೆ ಇದ್ದವರೇ ಅಯೋವಾದಲ್ಲೂ ಪಕ್ಕದ ಹೊಲದಲ್ಲಿ ಸಿಕ್ತಾರೆ. ನಂಗೆ ದಾರಿ ಬಿಟ್ಟುಕೊಟ್ಟಿದ್ದು ಇದೇ, ನಮ್ಮವರ ಹೆಸರು ತೀರಾ ಸಾಮಾನ್ಯ, ಆದ್ರೆ ಪಕ್ಕದ ಮನೆಯವರ ಹೆಸರು ಅಪರೂಪದ್ದು, ಅವರನ್ನ ಓಹಾಯೋದಲ್ಲಿ ಹುಡುಕಿದೆ, ಮೂರು ಸಾಲು ಕೆಳಗೆ ನಮ್ಮವರಿದ್ರು!

1890ರದ್ದು ಹುಡುಕಿ ಹುಡುಕಿ ಸುಸ್ತಾಗಬೇಡಿ. 1921ರ ಜನವರಿ 10ಕ್ಕೆ ವಾಷಿಂಗ್ಟನ್‌ನ ಕಾಮರ್ಸ್ ಡಿಪಾರ್ಟ್‌ಮೆಂಟ್ ಬಿಲ್ಡಿಂಗಲ್ಲಿ ಬೆಂಕಿ ಬಿದ್ದು ತುಂಬ ಹಾಳಾಯ್ತು, ಉಳಿದಿದ್ದನ್ನೂ ಆಮೇಲೆ 1930ರ ದಶಕದಲ್ಲಿ ಸರ್ಕಾರದವರೇ ನಾಶ ಮಾಡಿದ್ರು, ಈಗ ಚೂರುಪಾರು ಮಾತ್ರ ಇದೆ. 1880ರಿಂದ 1900ರ ಮಧ್ಯ ಇಪ್ಪತ್ತು ವರ್ಷದ ಕತ್ತಲು, ಅಷ್ಟರಲ್ಲಿ ಹುಟ್ಟಿ ಮದುವೆಯಾಗಿ ಮನೆ ಬಿಟ್ಟ ಹೆಣ್ಣುಮಕ್ಕಳು ಎಷ್ಟೋ. ಆ ಕತ್ತಲಿಗೆ ರಾಜ್ಯದ ಗಣತಿ ನೋಡಿ, ಅಯೋವಾ, ಕ್ಯಾನ್ಸಸ್ ಥರದ ರಾಜ್ಯಗಳು 1885, 1895ರಲ್ಲಿ ತಮ್ಮದೇ ಗಣತಿ ಮಾಡಿವೆ. ಊರಿನ ಪೇಪರ್ ನೋಡಿ, ಲೈಬ್ರರಿ ಆಫ್ ಕಾಂಗ್ರೆಸ್‌ನವರ ಕ್ರಾನಿಕ್ಲಿಂಗ್ ಅಮೆರಿಕಾ ಅನ್ನೋ ಸೈಟಲ್ಲಿ ಫ್ರೀ ಇದೆ, ಹಳ್ಳಿ ಪೇಪರಲ್ಲಿ ಯಾರ ಮನೆಗೆ ಯಾವ ತಂಗಿ ಯಾವ ಊರಿಂದ ಬಂದು ಎರಡು ದಿನ ಇದ್ದು ಹೋದಳು ಅನ್ನೋವರೆಗೂ ಹಾಕ್ತಿದ್ರು.

ಈಗ ನನಗೆ ಅತೀ ಇಷ್ಟದ ಕಾಗದ, ಇದನ್ನ ತುಂಬಾ ಜನ ನೋಡೋದೇ ಇಲ್ಲ. 1850ರಿಂದ 1880ರವರೆಗಿನ ನಾಲ್ಕು ಗಣತೀಲೂ ಜನರ ಪಟ್ಟಿ ಜೊತೆ ಬೇಸಾಯದ ಪಟ್ಟಿ ಅಂತ ಬೇರೆ ಬರೆದಿದ್ದಾರೆ. ಒಬ್ಬೊಬ್ಬ ರೈತನ ಹೆಸರಿನ ಮುಂದೆ ಎಷ್ಟು ಎಕರೆ ಉತ್ತಿದ್ದು, ಎಷ್ಟು ಎಕರೆ ಬೀಳು, ಹೊಲದ ಬೆಲೆ, ನೇಗಿಲು ಗಾಡಿ ಸಾಮಾನಿನ ಬೆಲೆ, ಕುದುರೆ ಎಷ್ಟು, ಕರೆಯೋ ಹಸು ಎಷ್ಟು, ಎತ್ತು, ಕುರಿ, ಹಂದಿ, ಗೋಧಿ ಮೆಕ್ಕೆಜೋಳ ಓಟ್ಸ್ ಎಷ್ಟು ಬುಶೆಲ್ (ಧಾನ್ಯ ಅಳೆಯೋ ಅಳತೆ), ಆಲೂಗಡ್ಡೆ ಎಷ್ಟು, ಉಣ್ಣೆ ಎಷ್ಟು ಪೌಂಡ್, ಜೇನು, ಬೆಣ್ಣೆ ಎಷ್ಟು ಪೌಂಡ್, 1880ರಲ್ಲಿ ಕೋಳಿ ಮೊಟ್ಟೆ ಲೆಕ್ಕಾನೂ ಇದೆ. ಇದನ್ನ ಓದಿದಾಗ ಮನೆ ಕಣ್ಣ ಮುಂದೆ ನಿಲ್ಲುತ್ತೆ. ಎತ್ತು ಇದ್ದು ಕುದುರೆ ಇಲ್ಲ ಅಂದ್ರೆ ಹೊಸ ನೆಲ ಒಡೀತಾ ಇದ್ದಾರೆ ಅಂತ ಊಹೆ ಮಾಡಬಹುದು, ಹುಲ್ಲುಗಾವಲಿನ ಗಟ್ಟಿ ಬೇರಿನ ನೆಲ ಮೊದಲ ಸಲ ಉಳೋಕೆ ಎತ್ತಿನ ಬಲವೇ ಬೇಕಿತ್ತು. ಹತ್ತು ವರ್ಷ ಬಿಟ್ಟು ನೋಡಿದ್ರೆ ಬೀಳು ಕಮ್ಮಿಯಾಗಿ ಉತ್ತ ನೆಲ ಜಾಸ್ತಿ ಆಗಿರುತ್ತೆ, ಆ ಎರಡು ಅಂಕಿ ಮಧ್ಯ ಒಂದು ಕುಟುಂಬದ ಹತ್ತು ವರ್ಷದ ಬೆವರಿದೆ. ಬೆಣ್ಣೆಯ ಅಂಕಿ ಮಾತ್ರ ಎರಡು ಸಲ ನೋಡಿ, ಹೆಸರು ಗಂಡಂದು ಬರೆದಿದ್ರೂ ಹೆಚ್ಚಿನ ಮನೆಗಳಲ್ಲಿ ಹಾಲು ಕರೆದು ಕಡೆದು ಬೆಣ್ಣೆ ತೆಗೆದಿದ್ದು ಹೆಂಡತಿ ಮತ್ತೆ ಹೆಣ್ಣುಮಕ್ಕಳು, ಅಂಗಡೀಲಿ ಅದನ್ನ ಕೊಟ್ಟು ಬಟ್ಟೆ, ಉಪ್ಪು, ಕಾಫಿ ತರ್ತಿದ್ರು. ಆ ಕಾಲದ ಸರ್ಕಾರಿ ಕಾಗದದಲ್ಲಿ ರೈತರ ಮನೆ ಹೆಂಗಸಿನ ದುಡಿಮೆ ಅಂಕಿಯಾಗಿ ಕಾಣೋ ಜಾಗ ತೀರಾ ಕಮ್ಮಿ, ಇದು ಅದ್ರಲ್ಲಿ ಒಂದು. ತೀರಾ ಚಿಕ್ಕ ಹೊಲದವರು ಇದ್ರಲ್ಲಿ ಇರಲ್ಲ, 1850ರಲ್ಲಿ ವರ್ಷಕ್ಕೆ 100 ಡಾಲರ್ ಬೆಳೆ ಬೆಳೀದೇ ಇದ್ದವರನ್ನ ಬಿಟ್ಟಿದ್ದಾರೆ. ಈ ಪಟ್ಟಿ ಎಷ್ಟೋ ಕಡೆ ರಾಜ್ಯದ ಆರ್ಕೈವ್ಸಲ್ಲಿ ಇರುತ್ತೆ, ಜನರ ಪಟ್ಟಿ ಹುಡುಕಿದ ಕಡೇನೇ ಕಾಣಲಿಲ್ಲ ಅಂತ ಬಿಡಬೇಡಿ.

ಜಮೀನಿನ ಕಾಗದದ ವಿಷಯ. ಇಲ್ಲಿ ಎರಡು ಥರ ಅಳತೆ ಇದೆ. ಹಳೇ ಪೂರ್ವದ ರಾಜ್ಯಗಳು, ಕೆಂಟಕಿ, ಟೆನೆಸ್ಸಿ ಕಡೆ ನಮ್ಮ ಚಕ್ಕುಬಂದಿ ಥರಾನೇ, ಆ ಓಕ್ ಮರದಿಂದ ಈ ಹಳ್ಳದ ತಿರುವಿನವರೆಗೆ, ಅಲ್ಲಿಂದ ಇಂಥವನ ಬೇಲಿವರೆಗೆ ಅಂತ. ಮರ ಬಿದ್ರೆ ಜಗಳ. ಥಾಮಸ್ ಲಿಂಕನ್ ಕೆಂಟಕಿ ಬಿಡೋಕೆ ದೊಡ್ಡ ಕಾರಣ ಇಂಥ ಜಮೀನು ಪತ್ರದ ತಕರಾರೇ, ಗುಲಾಮಗಿರಿಯೂ ಒಂದು ಕಾರಣ ಅಂತ ಮಗ ಆಮೇಲೆ ಬರೆದಿದ್ದಾನೆ. ಓಹಾಯೋದಿಂದ ಪಶ್ಚಿಮಕ್ಕೆ ಬಹುಪಾಲು ಸರ್ಕಾರದ ಚೌಕದ ಅಳತೆ, 1785ರಲ್ಲಿ ಕಾನೂನು ಮಾಡಿದ್ದು, ಆರು ಮೈಲಿ ಉದ್ದ ಆರು ಮೈಲಿ ಅಗಲದ ಒಂದು ಟೌನ್‌ಶಿಪ್, ಅದ್ರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ, ಅದರ ಕಾಲು ಭಾಗ 160 ಎಕರೆ. ಥಾಮಸ್ 1817ರ ಅಕ್ಟೋಬರಲ್ಲಿ ವಿನ್ಸೆನ್ಸ್ ಊರಿನ ಲ್ಯಾಂಡ್ ಆಫೀಸಿಗೆ ಹೋಗಿ 160 ಎಕರೆಗೆ ಹೆಸರು ಬರೆಸಿದ, ಎಕರೆಗೆ 2 ಡಾಲರ್, ಸಾಲದ ಮೇಲೆ. ತೀರಿಸೋಕಾಗದೆ ಅರ್ಧ ವಾಪಸ್ ಕೊಟ್ಟು 1827ರಲ್ಲಿ 80 ಎಕರೆಗೆ ಮಾತ್ರ ಪೂರ್ತಿ ಹಕ್ಕು ಪಡೆದ. ಹತ್ತು ವರ್ಷ. ಬಡತನ ಅಂತ ಬರೆದ್ರೆ ಏನೂ ಗೊತ್ತಾಗಲ್ಲ, ಈ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ.

ನಿಮ್ಮವರು ಸರ್ಕಾರದಿಂದ ನೇರ ಜಮೀನು ತೊಗೊಂಡಿದ್ರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನವರ ಜನರಲ್ ಲ್ಯಾಂಡ್ ಆಫೀಸ್ ಸೈಟಲ್ಲಿ ಪೇಟೆಂಟ್ (ಸರ್ಕಾರ ಕೊಟ್ಟ ಜಮೀನಿನ ಹಕ್ಕುಪತ್ರ) ಕಾಪಿ ಫ್ರೀ ಸಿಗುತ್ತೆ, ಟೌನ್‌ಶಿಪ್ ರೇಂಜ್ ಸೆಕ್ಷನ್ ನಂಬರ್ ಬರ್ಕೊಂಡು ಇವತ್ತಿನ ಮ್ಯಾಪಲ್ಲಿ ಹಾಕಿದ್ರೆ ಹೊಲ ಎಲ್ಲಿತ್ತು ಅಂತ ಗಾಡಿ ಓಡಿಸ್ಕೊಂಡು ಹೋಗಿ ನಿಲ್ಲಬಹುದು. ಪೇಟೆಂಟ್ ಅಲ್ಲಿಗೇ ನಿಲ್ಲಿಸಬೇಡಿ, ಅದರ ಹಿಂದಿರೋ ಫೈಲು ನ್ಯಾಷನಲ್ ಆರ್ಕೈವ್ಸಲ್ಲಿದೆ, ಫೀಸ್ ಕಟ್ಟಿ ತರಿಸ್ಕೊಳ್ಳಿ, ಅದರಲ್ಲೂ ಹೋಮ್‌ಸ್ಟೆಡ್ ಫೈಲು. 1862ರ ಮೇ 20ಕ್ಕೆ ಅದೇ ಲಿಂಕನ್ ಸಹಿ ಹಾಕಿದ ಕಾನೂನು, ಐದು ವರ್ಷ ಅಲ್ಲೇ ಇದ್ದು ಮನೆ ಕಟ್ಟಿ ಉತ್ತು ತೋರಿಸಿದ್ರೆ 160 ಎಕರೆವರೆಗೂ, ಫೀಸ್ ಮಾತ್ರ. ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರೂ ಹಾಕಬಹುದಿತ್ತು, ಎಷ್ಟೋ ಜನ ಹಾಕಿದ್ದಾರೆ. ಕೊನೇಲಿ ಸಾಕ್ಷಿ ಹೇಳಿಸಬೇಕಿತ್ತಲ್ಲ, ಅದ್ರಲ್ಲಿ ಮನೆ ಎಷ್ಟು ಅಡಿ, ಕಿಟಕಿ ಎಷ್ಟು, ಬಾವಿ ಇದೆಯಾ, ಎಷ್ಟು ಎಕರೆ ಒಡೆದ್ರು, ಸಂಸಾರದಲ್ಲಿ ಎಷ್ಟು ಜನ, ಎಲ್ಲಾ ಇರುತ್ತೆ, ಬೇರೆ ದೇಶದಿಂದ ಬಂದವರಾದ್ರೆ ಪೌರತ್ವದ ಕಾಗದಾನೂ ಅದ್ರಲ್ಲೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಸರ್ಕಾರದ ಜಮೀನು ಅಂದ್ರೆ ಖಾಲಿ ಬಿದ್ದಿದ್ದ ಜಮೀನಲ್ಲ. ಪೂರ್ವ ಅಯೋವಾದ ದೊಡ್ಡ ಪಟ್ಟಿ ಸಾಕ್ ಮತ್ತು ಮೆಸ್ಕ್ವಾಕಿ ಜನರಿಂದ 1832ರ ಯುದ್ಧದ ಮೇಲೆ ಕಿತ್ಕೊಂಡಿದ್ದು, 1833ರ ಜೂನ್ 1ರಿಂದ ವಲಸಿಗರಿಗೆ ಬಿಟ್ಟಿದ್ದು. ನಾನು ಮೊಮ್ಮಗಳ ಚಾರ್ಟಲ್ಲಿ ಹೊಲದ ಮ್ಯಾಪ್ ಕೆಳಗೆ ಅದನ್ನೂ ಬರೆಸಿದೆ, ಆ ನೆಲದ ಕಥೆ ಅಲ್ಲಿಂದ ಶುರುವಾಗಬೇಕು.

ಹೆಂಗಸರ ತವರು ಹುಡುಕೋದು ಈ ಕೆಲಸದಲ್ಲಿ ಅತೀ ಕಷ್ಟ, ಮದುವೆ ಆದ ದಿನ ಹೆಸರು ಬದಲಾಗಿ ಹಿಂದಿನ ಮನೆ ಮುಚ್ಚಿ ಹೋಗುತ್ತೆ. ನಂಗೆ ಫಲ ಕೊಟ್ಟ ದಾರಿಗಳು ಹೇಳ್ತೀನಿ. ಮದುವೆ ಬಾಂಡಲ್ಲಿ ಜಾಮೀನು ನಿಂತವನು ಯಾರು ನೋಡಿ, ಎಷ್ಟೋ ಸಲ ಹುಡುಗಿಯ ಅಪ್ಪ ಅಥವಾ ಅಣ್ಣ. ಮಕ್ಕಳ ಮಧ್ಯದ ಹೆಸರು ನೋಡಿ, ಅಜ್ಜಿ ಮನೆತನದ ಹೆಸರನ್ನ ಮಗನಿಗೆ ಮಧ್ಯದಲ್ಲಿ ಇಡೋದು ಅವರಲ್ಲಿ ರೂಢಿ. 1880ರಲ್ಲಿ ಮನೇಲಿ ಅತ್ತೆ (ಯಜಮಾನನ ಹೆಂಡತಿಯ ಅಮ್ಮ) ಅಂತ ಯಾರಾದ್ರೂ ಇದ್ರೆ ಅವಳ ಸರ್‌ನೇಮೇ ತವರಿನ ಸುಳಿವು. ಅಕ್ಕಪಕ್ಕದ ಮುದುಕರ ವಿಲ್ ಓದಿ, "ನನ್ನ ಮಗಳು ಇಂಥವನ ಹೆಂಡತಿಗೆ ಒಂದು ಹಸು ಒಂದು ಹಾಸಿಗೆ" ಅಂತ ಸಿಕ್ಕಿದ್ರೆ ಗಂಟು ಬಿಚ್ಚಿಕೊಳ್ತು. ಸಮಾಧಿ ಕಲ್ಲಲ್ಲಿ ಕಾನ್ಸಾರ್ಟ್ ಅಂತಿದ್ರೆ ಗಂಡ ಇದ್ದಾಗಲೇ ಹೋದಳು ಅಂತ, ಮುತ್ತೈದೆ ಸಾವು, ರೆಲಿಕ್ಟ್ ಅಂತಿದ್ರೆ ವಿಧವೆ. ಅಪ್ಪ ಸತ್ತ ಮಕ್ಕಳನ್ನ ಕೋರ್ಟಲ್ಲಿ ಅನಾಥರು ಅಂತ ಬರೀತಿದ್ರು, ಅಮ್ಮ ಬದುಕಿದ್ರೂ ಸಹ, ಹಾಗಾಗಿ ಆ ಪದ ನೋಡಿ ಅಮ್ಮನ್ನ ಸಾಯಿಸಬೇಡಿ. ಇದೆಲ್ಲಕ್ಕಿಂತ ದೊಡ್ಡದು ಸಿವಿಲ್ ವಾರ್ ವಿಧವಾ ಪೆನ್ಷನ್ ಫೈಲು. ಗಂಡ ಯೂನಿಯನ್ (ಉತ್ತರದವರ) ಸೈನ್ಯದಲ್ಲಿದ್ದು ಸತ್ತಿದ್ರೆ ಅವಳು ಮದುವೆ ಆಗಿದ್ದು, ಮಕ್ಕಳು ಹುಟ್ಟಿದ್ದು ಎಲ್ಲಾ ಸಾಬೀತು ಮಾಡಬೇಕಿತ್ತು, ಸೂಲಗಿತ್ತಿ ಬಂದು ಪ್ರಮಾಣ ಮಾಡಿ ಹೇಳಿದ್ದಾಳೆ, ನೆರೆಯವರು ಹೇಳಿದ್ದಾರೆ, ಕೆಲವರು ಮನೆ ಬೈಬಲಿನ ಪುಟಾನೇ ಹರಿದು ಕಳಿಸಿದ್ದಾರೆ, ಅದು ಇವತ್ತೂ ಫೈಲಲ್ಲಿದೆ. ದಕ್ಷಿಣದ ಸೈನ್ಯದವರಾದ್ರೆ ಪೆನ್ಷನ್ ಆಯಾ ರಾಜ್ಯದವರು ಕೊಟ್ಟಿದ್ದು, ರಾಜ್ಯದ ಆರ್ಕೈವ್ಸಲ್ಲಿ ನೋಡಿ.

ಹುಟ್ಟು ಸಾವಿನ ಸರ್ಟಿಫಿಕೇಟ್ ಕೇಳಿದ್ರೆ ಹಳ್ಳಿಗಾಡಲ್ಲಿ ನಿರಾಸೆನೇ ಜಾಸ್ತಿ, ಓಹಾಯೋದಲ್ಲಿ ಕೌಂಟಿ ಬರೆಯೋಕೆ ಶುರು ಮಾಡಿದ್ದು 1867ರಲ್ಲಿ, ಅಯೋವಾದಲ್ಲಿ 1880, ಇಂಡಿಯಾನಾದಲ್ಲಿ 1882, ಶುರುವಾದ ಮೇಲೂ ಎಷ್ಟೋ ಜನ ಬರೆಸಲೇ ಇಲ್ಲ. ಅದಕ್ಕೆ 1850ರಿಂದ 1880ರವರೆಗಿನ ಗಣತಿ ಜೊತೆಗಿರೋ ಸಾವಿನ ಪಟ್ಟಿ ನೋಡಿ, ಗಣತಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರು, ಯಾವ ತಿಂಗಳು, ಏನಾಗಿ ಅಂತ. ಕಾರಣದ ಹೆಸರು ಹಳೇದು, ಕನ್ಸಂಪ್ಷನ್ ಅಂದ್ರೆ ಕ್ಷಯ, ಬ್ಲಡಿ ಫ್ಲಕ್ಸ್ ಅಂದ್ರೆ ರಕ್ತಭೇದಿ. ನ್ಯಾನ್ಸಿ ಸತ್ತಿದ್ದು ಮಿಲ್ಕ್ ಸಿಕ್‌ನೆಸ್ ಅನ್ನೋದ್ರಿಂದ, ಕಾಡಲ್ಲಿ ಬೆಳೆಯೋ ವೈಟ್ ಸ್ನೇಕ್‌ರೂಟ್ ಅನ್ನೋ ಗಿಡ ಹಸು ತಿಂದ್ರೆ ವಿಷ ಹಾಲಲ್ಲಿ ಬರುತ್ತೆ, ಹಾಲು ಕುಡಿದವರು ಸಾಯ್ತಾರೆ, ಆಗ ಯಾರಿಗೂ ಕಾರಣ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗ ಅಮ್ಮನ್ನ ಹಾಲಿಂದ ಕಳ್ಕೊಂಡ. ಅಕ್ಕ ಸಾರಾ 1828ರ ಜನವರಿ 20ಕ್ಕೆ ಹೆರಿಗೇಲಿ ಹೋದಳು, ಇಪ್ಪತ್ತೊಂದೂ ತುಂಬಿರಲಿಲ್ಲ. ಅಬ್ರಹಾಂ ಆದ್ಮೇಲೆ ಥಾಮಸ್ ಅಂತ ಇನ್ನೊಬ್ಬ ತಮ್ಮನಿದ್ದ, ಕೂಸಾಗಿದ್ದಾಗಲೇ ಹೋಯ್ತು.

ನಿಮ್ಮ ಹುಡುಕಾಟ ಕಪ್ಪು ಜನರ ಕುಟುಂಬದ್ದಾದ್ರೆ 1870 ಬಹಳ ಮುಖ್ಯ, ಗುಲಾಮಗಿರಿಯಿಂದ ಬಿಡುಗಡೆಯಾದವರ ಹೆಸರು ಗಣತೀಲಿ ಮೊದಲ ಸಲ ಬಂದಿದ್ದು ಆವಾಗ. 1850, 1860ರ ಗುಲಾಮರ ಪಟ್ಟೀಲಿ ಒಡೆಯನ ಹೆಸರಿದೆ, ಅವರದ್ದು ಹೆಚ್ಚಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಅಷ್ಟೇ. ಫ್ರೀಡ್ಮನ್ಸ್ ಬ್ಯೂರೋ (ಬಿಡುಗಡೆಯಾದವರಿಗೆ ಸಹಾಯ ಮಾಡೋಕೆ ಸರ್ಕಾರ ಮಾಡಿದ ಇಲಾಖೆ) ದಾಖಲೆ, ಫ್ರೀಡ್ಮನ್ಸ್ ಬ್ಯಾಂಕಿನ 1865ರಿಂದ 1874ರವರೆಗಿನ ಖಾತೆ ಪುಸ್ತಕ ಬಿಡದೆ ನೋಡಿ, ಖಾತೆ ತೆರೆಯೋವಾಗ ಅಪ್ಪ ಅಮ್ಮ ಅಣ್ಣತಮ್ಮ ಎಲ್ಲಿ ಅಂತ ಕೇಳಿ ಬರೆದಿದ್ದಾರೆ, ಮಾರಿ ಹೋದವರ ಹೆಸರೂ ಅಲ್ಲಿ ಸಿಗುತ್ತೆ. ಒಡೆಯನ ವಿಲ್ಲು, ಆಸ್ತಿ ಪಟ್ಟಿ, ಸಾಲದ ಅಡಮಾನ ಎಲ್ಲಾ ಓದಬೇಕಾಗುತ್ತೆ, ಓದೋಕೆ ಹಿಂಸೆ ಆಗುತ್ತೆ, ಆದ್ರೆ ಹೆಸರು ಸಿಗೋದು ಅಲ್ಲೇ.

ಸ್ಪೆಲ್ಲಿಂಗ್ ನಂಬಬೇಡಿ. ಬರೆದವನ ಕಿವಿಗೆ ಕೇಳಿದ್ದೇ ಸ್ಪೆಲ್ಲಿಂಗು, ಲಿಂಕನ್ ಹೆಸರೇ ಲಿಂಕ್‌ಹಾರ್ನ್ ಅಂತ ಕಾಗದದಲ್ಲಿದೆ. ಸೌಂಡೆಕ್ಸ್ ಅಂತ ಒಂದು ಕೋಡ್ ಇದೆ, ಒಂದೇ ಥರ ಕೇಳೋ ಹೆಸರನ್ನ ಒಟ್ಟಿಗೆ ತರೋಕೆ, ಉಪಯೋಗ ಇದೆ, ಆದ್ರೆ ಅದನ್ನೇ ನಂಬಿ ಕೂರಬೇಡಿ, ಲಿಂಕನ್‌ಗೆ ಎಲ್ 524 ಬಂದ್ರೆ ಲಿಂಕ್‌ಹಾರ್ನ್‌ಗೆ ಎಲ್ 526 ಬರುತ್ತೆ, ಒಂದೇ ಮನುಷ್ಯ ಎರಡು ಡಬ್ಬೀಲಿ. ಆದ್ರಿಂದ ಹೆಸರನ್ನ ಜೋರಾಗಿ ಹತ್ತು ಥರ ಹೇಳಿ, ಹತ್ತೂ ಹುಡುಕಿ. ಜೆ ಎನ್ ಓ ಅಂತ ಬರೆದಿದ್ರೆ ಜಾನ್, ಜೊನಾಥನ್ ಅಲ್ಲ.

ಆನ್‌ಲೈನಲ್ಲಿ ಬೇರೆಯವರು ಹಾಕಿರೋ ರೆಡಿಮೇಡ್ ಟ್ರೀ ಸಿಗುತ್ತೆ, ಆಸೆಪಟ್ಟು ಪೂರಾ ಕಾಪಿ ಮಾಡ್ಕೋಬೇಡಿ, ಒಬ್ಬ ಮಾಡಿದ ತಪ್ಪು ನೂರು ಜನ ಕಾಪಿ ಮಾಡಿ ನೂರು ಸಾಕ್ಷಿ ಥರ ಕಾಣುತ್ತೆ. ಅದು ಸುಳಿವು, ಅಷ್ಟೇ, ಕಾಗದ ನೀವೇ ನೋಡಿ. ನಾನು ಒಂದೊಂದು ಮಾತಿಗೂ ಎಲ್ಲಿಂದ ಬಂತು, ಯಾವ ಪುಸ್ತಕ ಯಾವ ಪುಟ, ಯಾವತ್ತು ನೋಡಿದೆ ಅಂತ ನೋಟ್‌ಬುಕ್ಕಲ್ಲಿ ಬರೀತೀನಿ, ಹುಡುಕಿ ಸಿಗದೇ ಇದ್ದಿದ್ದನ್ನೂ ಬರೀತೀನಿ, ಇಲ್ಲಾಂದ್ರೆ ಮುಂದಿನ ವರ್ಷ ಅದೇ ಪುಸ್ತಕ ಮತ್ತೆ ತಿರುಗಿಸ್ತಾ ಕೂರಬೇಕಾಗುತ್ತೆ. 1880ರ ಸುಮಾರಿಗೆ ಬಂದ ಕೌಂಟಿ ಹಿಸ್ಟರಿ ಪುಸ್ತಕಗಳಲ್ಲಿ ಕುಟುಂಬಗಳ ಪರಿಚಯ ಇರುತ್ತೆ, ತುಂಬ ಸಲ ಮನೆಯವರೇ ಹೇಳಿ ಬರೆಸಿದ್ದು, ಹೊಗಳಿಕೆ ಕಳೆದು ಓದಿ. ಸಾಧ್ಯ ಆದ್ರೆ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿರೋ ಅಲೆನ್ ಕೌಂಟಿ ಪಬ್ಲಿಕ್ ಲೈಬ್ರರಿಗೆ ಒಂದ್ಸಲ ಹೋಗಿ ಬನ್ನಿ, ವಂಶಾವಳಿ ಪುಸ್ತಕಗಳ ಸಂಗ್ರಹದಲ್ಲಿ ದೇಶದಲ್ಲೇ ಅತೀ ದೊಡ್ಡದರಲ್ಲಿ ಒಂದು, ಯಾರು ಬೇಕಾದ್ರೂ ಹೋಗಬಹುದು.

ನಮ್ಮ ಆ ನಾಲ್ಕು ಮಕ್ಕಳಲ್ಲಿ ಇಬ್ಬರು ಸಿಕ್ಕಿದ್ರು. ಒಂದು ಹೆಣ್ಣು ಕೂಸು 1880ರ ಸಾವಿನ ಪಟ್ಟೀಲಿ, ಡಿಫ್ತೀರಿಯಾ, ಫೆಬ್ರವರಿ. ಇನ್ನೊಂದು ಗಂಡು, ಹಳ್ಳಿ ಸ್ಮಶಾನದಲ್ಲಿ ಮೊಣಕಾಲೆತ್ತರದ ಕಲ್ಲು, ಮೇಲೆ ಕುರಿಮರಿ ಕೆತ್ತಿದ್ದಾರೆ, ಹೆಸರು ಸವೆದು ಹೋಗಿತ್ತು, ಸಂಜೆ ಓರೆ ಬಿಸಿಲಲ್ಲಿ ನಿಂತು ನೋಡಿದಾಗ ಓದೋಕೆ ಬಂತು. ಕಲ್ಲಿಗೆ ಸೀಮೆಸುಣ್ಣ ಶೇವಿಂಗ್ ಕ್ರೀಮ್ ಏನೂ ಹಚ್ಚಬೇಡಿ, ಹಾಳಾಗುತ್ತೆ, ಬೆಳಕು ಸಾಕು, ಇಲ್ಲಾ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಮೊಮ್ಮಗಳು ಚಾರ್ಟಲ್ಲಿ ಇಬ್ಬರ ಹೆಸರೂ ಬರೆದು, ಉಳಿದಿಬ್ಬರಿಗೆ ಹೆಸರಿಲ್ಲದ ಎರಡು ಚೌಕ ಹಾಕಿದ್ದಾಳೆ, ಪೆನ್ಸಿಲಲ್ಲಿ, ಸಿಕ್ಕಿದ ಮೇಲೆ ತುಂಬೋಕೆ.